ವರ್ಷದ ಗೆರೆ ಮೂಡದ ಮರ

ಹಳೆಯ ಬರೆಯುವ ಮೇಜೊಂದರ ಡ್ರಾಯರನ್ನು ಪೂರ್ತಿ ಹೊರಗೆಳೆದು ನೋಡಿ. ಎದುರಿಗೆ ಕಾಣುವ ಹಲಗೆಗೆ ಒಳ್ಳೆಯ ಮರ, ಒಳ್ಳೆಯ ಪಾಲಿಶ್. ಪಕ್ಕದ ಹಲಗೆಗಳು ಮಾತ್ರ ಮಾಸಲು ಕೆನೆಬಣ್ಣದ, ಯಾರೂ ಎರಡನೇ ಸಲ ತಿರುಗಿ ನೋಡದ ಮರದವು. ಬಡಗಿ ಕೆಲಸ ಕಲಿಯುವ ಹೊಸತರಲ್ಲಿ, ಮುರಿದ ಮೇಜಿನಿಂದ ಬಿಚ್ಚಿದ ಅಂಥದೊಂದು ಹಲಗೆಯ ಮೇಲೆ ಹತ್ತರಿ ಹೊಡೆಯುವ ಅಭ್ಯಾಸ ಮಾಡುತ್ತಿದ್ದೆ. ಸಿಪ್ಪೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ತುಂಡಾಗದೆ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ, ಸುರುಳಿ ಸುರುಳಿಯಾಗಿ ಎದ್ದು ಬಂತು. ಹಲಗೆ ತಿರುಗಿಸಿಟ್ಟು ಆ ಕಡೆಯಿಂದ ಹೊಡೆದೆ. ಆಗಲೂ ಅಷ್ಟೇ. ಕೈ ಪಳಗಿತು ಅಂದುಕೊಂಡು ಮರುದಿನ ಪೈನ್ ಹಲಗೆಯೊಂದಕ್ಕೆ ಕೈಹಾಕಿದಾಗ ಸತ್ಯ ಗೊತ್ತಾಯಿತು. ನನ್ನ ಕೈ ಇನ್ನೂ ಒರಟೇ ಇತ್ತು. ಆ ಮರ ಸಾಧುವಾಗಿತ್ತು, ಅಷ್ಟೇ.

ಆ ಮರದ ಹೆಸರು ಅಗಾಥಿಸ್. ಉಷ್ಣವಲಯದ ಮಳೆಕಾಡಿನಲ್ಲಿ ಬೆಳೆಯುವ, ಆದರೆ ಸಾಫ್ಟ್‌ವುಡ್ ಗುಂಪಿಗೆ ಸೇರುವ ಮರ. ಇದರ ಗುಣಗಳನ್ನು ಬರೆಯಲು ಕೂತರೆ ಪ್ರತಿ ಸಾಲೂ ‘ಇಲ್ಲ’ ಎಂದೇ ಮುಗಿಯುತ್ತದೆ. ವರ್ಷದ ಗೆರೆ ಎದ್ದು ಕಾಣುವುದಿಲ್ಲ, ಬರಿಗಣ್ಣಿಗೆ ತೋರುವ ರಂಧ್ರಗಳಿಲ್ಲ, ಮರದ ಒಳಗೆ ರಾಳದ ಕಾಲುವೆಗಳಿಲ್ಲ, ಗಂಟುಗಳು ಇಲ್ಲವೆನ್ನುವಷ್ಟು ಕಡಿಮೆ, ಹುಳುವನ್ನು ದೂರವಿಡುವ ವಿಷವೂ ಇಲ್ಲ. ಬಡಗಿಗೆ ಇದು ಕೊಡುವ ಸುಖ, ಕಷ್ಟ ಎರಡೂ ಹುಟ್ಟುವುದು ಈ ಇಲ್ಲಗಳಿಂದಲೇ.

ಮೊದಲು ಹೆಸರಿನ ತೊಡಕು. ಸಾಫ್ಟ್‌ವುಡ್, ಹಾರ್ಡ್‌ವುಡ್ ಎಂಬ ವಿಂಗಡಣೆಗೂ ಉಗುರಿನಿಂದ ಒತ್ತಿದರೆ ಗುರುತು ಬೀಳುತ್ತದೋ ಇಲ್ಲವೋ ಎನ್ನುವುದಕ್ಕೂ ನೇರ ಸಂಬಂಧವಿಲ್ಲ. ಹೂ ಬಿಟ್ಟು, ಕಾಯಿಯೊಳಗೆ ಬೀಜ ಕಟ್ಟುವ ಮರಗಳದು ಹಾರ್ಡ್‌ವುಡ್. ಪೈನ್, ದೇವದಾರುಗಳ ಹಾಗೆ ಹೆಚ್ಚಾಗಿ ಶಂಕುವಿನಲ್ಲಿ ಬೆತ್ತಲೆ ಬೀಜ ಬಿಡುವ ಮರಗಳದು ಸಾಫ್ಟ್‌ವುಡ್. ಹೀಗಾಗಿ ಬೆರಳಿನಿಂದಲೇ ಅಮುಕಬಹುದಾದ, ಆಟದ ವಿಮಾನ ಮಾಡುವ ಬಾಲ್ಸಾ ಹಾರ್ಡ್‌ವುಡ್ ಅನ್ನಿಸಿಕೊಳ್ಳುತ್ತದೆ. ಒಂದು ಕಾಲಕ್ಕೆ ಬಿಲ್ಲು ಮಾಡುತ್ತಿದ್ದ ಗಡಸು ಯೂ ಮರ ಸಾಫ್ಟ್‌ವುಡ್. ಅಗಾಥಿಸ್ ಈ ಗೊಂದಲಕ್ಕೆ ತನ್ನ ಪಾಲನ್ನೂ ಸೇರಿಸುತ್ತದೆ. ಅದರ ಎಲೆ ಸೂಜಿಯಂತಿಲ್ಲ. ಅಗಲವಾಗಿ, ದಪ್ಪವಾಗಿ, ತೊಗಲಿನ ಹಾಗಿರುತ್ತದೆ. ಕಾಡಿನಲ್ಲಿ ಬುಡಕ್ಕೆ ಉದುರಿದ ಎಲೆ ನೋಡಿ ಇದನ್ನು ಪೈನ್‌ನ ದಾಯಾದಿ ಎಂದು ಯಾರೂ ಹೇಳಲಾರರು. ಗುಟ್ಟು ಬಿಟ್ಟುಕೊಡುವುದು ದುಂಡನೆಯ ಶಂಕು. ಅದು ನೂಲಿನ ಉಂಡೆಯಂತೆ ಕಾಣುವುದರಿಂದಲೇ ಸಸ್ಯಶಾಸ್ತ್ರಜ್ಞ ಸಾಲಿಸ್ಬರಿ 1807ರಲ್ಲಿ ನೂಲುಂಡೆ ಎಂಬರ್ಥದ ಗ್ರೀಕ್ ಪದವನ್ನು ಈ ಕುಲಕ್ಕೆ ಇಟ್ಟ.

ಕುಲದಲ್ಲಿ ಹೆಚ್ಚುಕಡಿಮೆ ಇಪ್ಪತ್ತು ಜಾತಿಗಳಿವೆ. ಮಲಯಾ, ಸುಮಾತ್ರಾ, ಬೋರ್ನಿಯೋ, ಫಿಲಿಪ್ಪೀನ್ಸ್, ನ್ಯೂಗಿನಿ, ಫಿಜಿ, ನ್ಯೂ ಕ್ಯಾಲಿಡೋನಿಯಾ, ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಇವೆಲ್ಲ ಇದರ ನೆಲ. ಊರಿಗೊಂದು ಹೆಸರು. ಮಲಯಾದಲ್ಲಿ ದಾಮರ್ ಮಿನ್ಯಾಕ್, ಸರಾವಾಕ್‌ನಲ್ಲಿ ಬಿಂದಾಂಗ್, ಸಾಬಾದಲ್ಲಿ ಮೆಂಗಿಲಾನ್, ಫಿಲಿಪ್ಪೀನ್ಸ್‌ನಲ್ಲಿ ಅಲ್ಮಾಸಿಗಾ, ಫಿಜಿಯಲ್ಲಿ ದಾಕುವಾ. ವ್ಯಾಪಾರದಲ್ಲಿ ಕೌರಿ ಎಂದೂ ಕರೆಯುತ್ತಾರೆ. ನ್ಯೂಜಿಲೆಂಡಿನ ಪ್ರಸಿದ್ಧ ಕೌರಿಯೂ ಇದೇ ಕುಲದ್ದೇ, ಆದರೆ ಅದು ಉಷ್ಣವಲಯದ ಹೊರಗಿನ ಜಾತಿ. ಅದರ ಕತೆ ಬೇರೆ. ‘ಕೌರಿ ಪೈನ್’ ಎಂಬ ಹೆಸರು ಕೇಳಿ ಪೈನ್ ಎಂದುಕೊಂಡರೆ ಎಡವುತ್ತೀರಿ. ಪೈನ್ ಬೇರೆ ಕುಟುಂಬ, ಇದು ಬೇರೆ.

ಈಗ ಹಲಗೆಯ ಒಳಗೆ ಇಣುಕೋಣ. ಮರ ಎಂದರೆ ಒತ್ತೊತ್ತಾಗಿ ಜೋಡಿಸಿಟ್ಟ ಸಣ್ಣ ಕೊಳವೆಗಳ ಕಟ್ಟು. ತೇಗ, ಮಹಾಗನಿಯಂಥ ಹಾರ್ಡ್‌ವುಡ್‌ಗಳಲ್ಲಿ ನೀರು ಸಾಗಿಸಲು ದಪ್ಪ ಕೊಳವೆಗಳೇ ಬೇರೆ, ಬಲ ಕೊಡಲು ತೆಳ್ಳನೆಯ ನಾರುಗಳೇ ಬೇರೆ. ಆ ದಪ್ಪ ಕೊಳವೆಗಳೇ ಹಲಗೆಯ ಮೇಲೆ ಗೀರಿದಂಥ ಸಣ್ಣ ಗೆರೆಗಳಾಗಿ, ತುದಿಯಲ್ಲಿ ಸೂಜಿ ಚುಚ್ಚಿದ ತೂತುಗಳಾಗಿ ಕಾಣುವುದು. ಸಾಫ್ಟ್‌ವುಡ್‌ನಲ್ಲಿ ಕೆಲಸ ಹಂಚಿಕೆ ಇಲ್ಲ. ನೂರಕ್ಕೆ ತೊಂಬತ್ತು ಪಾಲು ಟ್ರೇಕೀಡ್ ಎಂಬ ಒಂದೇ ಬಗೆಯ ಕೋಶ. ನೀರೂ ಅದರಲ್ಲೇ, ಬಲವೂ ಅದರದ್ದೇ. ಅಗಾಥಿಸ್‌ನ ಟ್ರೇಕೀಡ್‌ಗಳು ಹಲವು ಮಿಲಿಮೀಟರ್ ಉದ್ದ, ಅಗಲವೋ ಕೂದಲಿಗಿಂತ ಕಡಿಮೆ. ಎಲ್ಲವೂ ನೆಟ್ಟಗೆ, ಕಾಂಡದ ಉದ್ದಕ್ಕೆ ಸಾಲಾಗಿ ನಿಂತಿರುತ್ತವೆ. ಹತ್ತರಿಯ ಅಲಗಿಗೆ ಮಧ್ಯೆ ಎಲ್ಲೂ ಎಡತಾಕುವುದು ಸಿಗುವುದಿಲ್ಲ.

ಆದರೆ ಪೈನ್‌ ಕೂಡ ಟ್ರೇಕೀಡ್‌ಗಳದ್ದೇ ಮರ. ಅದೇಕೆ ನನ್ನ ಕೈಗೆ ಸಿಗದೆ ಹೋಯಿತು?

ಉತ್ತರ ಇರುವುದು ಹವೆಯಲ್ಲಿ. ಚಳಿ ದೇಶದ ಪೈನ್ ವಸಂತದಲ್ಲಿ ಎದ್ದು ಅವಸರವಸರವಾಗಿ ಬೆಳೆಯುತ್ತದೆ. ಆಗ ಹುಟ್ಟುವ ಕೋಶಗಳಿಗೆ ಬಾಯಿ ಅಗಲ, ಗೋಡೆ ತೆಳು. ಬೇಸಿಗೆ ಕಳೆಯುವ ಹೊತ್ತಿಗೆ ಬೆಳವಣಿಗೆ ನಿಧಾನವಾಗಿ, ಗೋಡೆ ದಪ್ಪನೆಯ ಇಕ್ಕಟ್ಟಾದ ಕೋಶಗಳು ಹುಟ್ಟುತ್ತವೆ. ಚಳಿಗಾಲದಲ್ಲಿ ಕೆಲಸ ಬಂದ್. ಮುಂದಿನ ವಸಂತಕ್ಕೆ ಮತ್ತೆ ತೆಳು ಗೋಡೆಯಿಂದ ಶುರು. ನಮಗೆ ಕಾಣುವ ವರ್ಷದ ಗೆರೆ ಎಂದರೆ ಈ ದಪ್ಪ ಗೋಡೆಯ ಪಟ್ಟಿ. ಎಷ್ಟೋ ಪೈನ್‌ಗಳಲ್ಲಿ ಗೆರೆಯ ಭಾಗ ನಡುವಿನ ಭಾಗಕ್ಕಿಂತ ಎರಡು ಮೂರು ಪಟ್ಟು ಸಾಂದ್ರ. ಅಂದರೆ ನೀವು ಹಿಡಿದದ್ದು ಒಂದು ಹಲಗೆಯಾದರೂ ಅದರಲ್ಲಿ ಮೆದು ಮರ, ಗಟ್ಟಿ ಮರ ಎರಡು ಪಟ್ಟೆಪಟ್ಟೆಯಾಗಿ ಕೂತಿವೆ. ಹತ್ತರಿ ಗಟ್ಟಿ ಪಟ್ಟೆಯ ಮೇಲೆ ಜಾರುತ್ತದೆ, ಮೆದುವಿನಲ್ಲಿ ಮುಗ್ಗರಿಸುತ್ತದೆ. ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದರೆ ಮೆದು ಭಾಗ ಹೆಚ್ಚು ಸವೆದು, ಕೈಯಾಡಿಸಿದಾಗ ಅಲೆಅಲೆಯಾಗಿ ತಾಗುತ್ತದೆ. ಬಣ್ಣದ ಸ್ಟೇನ್ ಬಳಿದರೆ ಇನ್ನೂ ವಿಚಿತ್ರ: ತಿಳಿಯಾಗಿದ್ದ ಮೆದು ಭಾಗ ಬಣ್ಣವನ್ನೆಲ್ಲ ಹೀರಿ ಕಪ್ಪಾಗುತ್ತದೆ, ಕಪ್ಪಾಗಿದ್ದ ಗೆರೆ ಹೀರದೆ ತಿಳಿಯಾಗಿ ಉಳಿಯುತ್ತದೆ. ಫೋಟೋದ ನೆಗೆಟಿವ್ ನೋಡಿದ ಹಾಗೆ.

ಸಮಭಾಜಕದ ಮಳೆಕಾಡಿನಲ್ಲಿ ಚಳಿಗಾಲವೇ ಇಲ್ಲ. ವರ್ಷವಿಡೀ ಸರಿಸುಮಾರು ಒಂದೇ ಸೆಕೆ, ಒಂದೇ ಮಳೆ. ಅಗಾಥಿಸ್‌ಗೆ ಅವಸರಪಡಲು ಕಾರಣವಿಲ್ಲ, ನಿಲ್ಲಿಸಲೂ ಕಾರಣವಿಲ್ಲ. ಮೊದಲ ಕೋಶಕ್ಕೂ ನೂರನೆಯದಕ್ಕೂ ಗೋಡೆಯ ದಪ್ಪದಲ್ಲಿ ವ್ಯತ್ಯಾಸ ಅತಿ ಕಡಿಮೆ. ಋತುಗಳ ಏರಿಳಿತ ಇರುವ ಕಡೆ ಬೆಳೆದ ಮರದಲ್ಲಿ ಮಸುಕು ಗೆರೆ ಕಂಡೀತು. ಆದರೂ ಅದು ಬಣ್ಣದ ಗೆರೆಯೇ ಹೊರತು ಅಲಗಿಗೆ ತಾಗುವಂಥದಲ್ಲ. ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಉಳಿದ ಗುಣಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ. ಕೆತ್ತುವ ಉಳಿ ದಿಕ್ಕು ತಪ್ಪುವುದಿಲ್ಲ. ಪೆನ್ಸಿಲ್ ಮಾಡಿದರೆ ಸುತ್ತಲೂ ಒಂದೇ ಸಮ ಹೆರೆಯುತ್ತದೆ. ಚಿತ್ರ ಬಿಡಿಸುವ ಹಲಗೆ ಮಾಡಿದರೆ ಕಾಗದದ ಕೆಳಗಿನಿಂದ ಗೆರೆ ಉಬ್ಬಿ ಪೆನ್ನಿನ ದಾರಿ ಕೆಡಿಸುವುದಿಲ್ಲ.

ತೂಕದ ಲೆಕ್ಕವೂ ಸ್ವಾರಸ್ಯದ್ದು. ಕೋಶದ ಗೋಡೆಯ ಪದಾರ್ಥ ಎಲ್ಲ ಮರಗಳಲ್ಲೂ ಬಹುಪಾಲು ಒಂದೇ. ಗಾಳಿ ಸಂದಿಲ್ಲದಂತೆ ಒತ್ತಿದರೆ ಘನ ಮೀಟರಿಗೆ ಸುಮಾರು 1500 ಕಿಲೋ ತೂಗುತ್ತದೆ. ಒಣಗಿದ ಅಗಾಥಿಸ್ ಜಾತಿ, ಬೆಳೆದ ಜಾಗ ನೋಡಿಕೊಂಡು ಘನ ಮೀಟರಿಗೆ 400ರಿಂದ 550 ಕಿಲೋ ಆಸುಪಾಸು. ನಡುವಿನ 450 ಹಿಡಿದರೆ ಹಲಗೆಯಲ್ಲಿ ಮರ ಇರುವುದು ನೂರಕ್ಕೆ 30 ಪಾಲು, ಉಳಿದ 70 ಪಾಲು ಗಾಳಿ. ತೇಗ ಸುಮಾರು 650 ಕಿಲೋ, ಅಂದರೆ 43 ಪಾಲು ಮರ. ಬಾಲ್ಸಾ 160ರ ಹತ್ತಿರ, ಹನ್ನೊಂದು ಪಾಲು ಕೂಡ ಇಲ್ಲ. ಮರದ ಗಡಸು, ಮೊಳೆ ಹಿಡಿಯುವ ಶಕ್ತಿ, ಬಾಗದೆ ನಿಲ್ಲುವ ಬಿಗಿ ಎಲ್ಲಕ್ಕೂ ಈ ಪಾಲೇ ಬಹುಮಟ್ಟಿಗೆ ಆಧಾರ. ಹಾಗಾಗಿ ತೇಗದ ಅಳತೆಯಲ್ಲಿ ಅಗಾಥಿಸ್ ಕಪಾಟು ಮಾಡಿ, ತೇಗದಷ್ಟೇ ಪುಸ್ತಕ ಹೇರಬಾರದು. ಹಲಗೆಯ ದಪ್ಪವನ್ನು ಇಮ್ಮಡಿ ಮಾಡಿದರೆ ಬಾಗುವಿಕೆ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಕಾಲುಭಾಗ ಹೆಚ್ಚಿಸಿದರೂ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮರ ಹಗುರವಾದ್ದರಿಂದ ಆ ಹೆಚ್ಚಿನ ದಪ್ಪ ಕೈಗೆ ಭಾರ ಅನ್ನಿಸುವುದಿಲ್ಲ.

ಗಂಟಿನ ವಿಷಯ. ಹಲಗೆಯಲ್ಲಿ ಕಾಣುವ ಗಂಟು ಎಂದರೆ ಕಾಂಡ ಬೆಳೆಯುತ್ತಾ ನುಂಗಿದ ಕೊಂಬೆಯ ಬುಡ. ಬಹಳಷ್ಟು ಮರಗಳಲ್ಲಿ ಕೆಳಗಿನ ಕೊಂಬೆ ಸತ್ತ ಮೇಲೂ ವರ್ಷಗಟ್ಟಲೆ ಅಂಟಿಕೊಂಡಿರುತ್ತದೆ, ಕಾಂಡ ಅದನ್ನು ಸುತ್ತುವರಿದು ಬೆಳೆದು ಒಳಗೆ ಸತ್ತ ಗಂಟು ಸೇರಿಕೊಳ್ಳುತ್ತದೆ. ಅಗಾಥಿಸ್ ತನ್ನ ಕೆಳಗಿನ ಕೊಂಬೆಗಳನ್ನು ಎಲೆ ಉದುರಿಸಿದ ಹಾಗೆ ಬುಡದಲ್ಲೇ ಕಳಚಿ ಬೀಳಿಸುತ್ತದೆ. ಜಾಗ ಬೇಗ ಮಾಯ್ದು, ಅದರ ಮೇಲೆ ಶುದ್ಧ ಮರ ಬೆಳೆಯುತ್ತದೆ. ತೊಗಟೆಯನ್ನೂ ಚಕ್ಕೆ ಚಕ್ಕೆಯಾಗಿ ಉದುರಿಸುವುದರಿಂದ ಬಳ್ಳಿಗಳಿಗೆ ಹಿಡಿತ ಸಿಗುವುದು ಕಷ್ಟ. ನಲವತ್ತು ಐವತ್ತು ಮೀಟರ್ ಎತ್ತರದ ಮರದಲ್ಲಿ ಅರ್ಧಕ್ಕೂ ಮಿಕ್ಕಿ ಕಂಬದ ಹಾಗೆ ನುಣುಪಾಗಿ ನಿಂತಿರುತ್ತದೆ. ಹಿಂದೆ ಹಡಗಿನ ಕೂವೆಕಂಬಕ್ಕೆ ಕೌರಿಯನ್ನು ಹುಡುಕಿಕೊಂಡು ಹೋಗುತ್ತಿದ್ದುದು, ಪ್ಲೈವುಡ್ ಕಾರ್ಖಾನೆಗಳಿಗೆ ಇದು ಇಷ್ಟವಾದುದು ಇದಕ್ಕೇ. ಉರುಳಿಸುತ್ತಾ ಸುಲಿದರೆ ತೂತಿಲ್ಲದ ಹಾಳೆ ಮಾರುಗಟ್ಟಲೆ ಬರುತ್ತದೆ.

ರಾಳ ಇದೆ, ಆದರೆ ಇರಬೇಕಾದ ಜಾಗದಲ್ಲಿದೆ. ಪೈನ್‌ ಮರದ ಒಳಗೇ ರಾಳದ ಕಾಲುವೆಗಳು ಹರಿದಿರುತ್ತವೆ. ಬಿಸಿಲು ತಾಗಿದರೆ ಬಣ್ಣದ ಪದರವನ್ನೂ ದಾಟಿ ಅಂಟು ಒಸರುತ್ತದೆ, ಸ್ಯಾಂಡ್‌ಪೇಪರ್ ಮೆತ್ತಿಕೊಂಡು ಹಾಳಾಗುತ್ತದೆ. ಅಗಾಥಿಸ್‌ನ ಕಾಲುವೆಗಳು ತೊಗಟೆಯಲ್ಲಿ. ತೊಗಟೆಗೆ ಕಚ್ಚು ಹಾಕಿದರೆ ಒಸರುವ ರಾಳವೇ ಮನಿಲಾ ಕೋಪಲ್. ವಾರ್ನಿಷ್ ಮಾಡಲು, ಲಿನೋಲಿಯಂ ಹಾಸು ತಯಾರಿಸಲು ಒಂದು ಕಾಲದಲ್ಲಿ ಹಡಗುಗಟ್ಟಲೆ ಸಾಗುತ್ತಿತ್ತು. ಮಲಯ ಭಾಷೆಯಲ್ಲಿ ರಾಳಕ್ಕೆ ದಾಮರ್ ಎನ್ನುತ್ತಾರೆ. ಕೇಳಿದೊಡನೆ ನಮಗೆ ರಸ್ತೆಯ ಡಾಮರು ನೆನಪಾಗುತ್ತದೆ ಅನ್ನಿ. ಚಿತ್ರಕಾರರು ಬಳಸುವ ದಾಮರ್ ವಾರ್ನಿಷ್ ಮಾತ್ರ ಬೇರೆಯೇ ಕುಟುಂಬದ ಮರಗಳ ರಾಳದಿಂದ ಬರುವುದು, ಅಗಾಥಿಸ್‌ನಿಂದಲ್ಲ. ಹಲಗೆಯಲ್ಲಿ ನೋಡಲು ಸಿಗುವುದು ಇಷ್ಟೇ: ಕೆಲವು ಟ್ರೇಕೀಡ್‌ಗಳ ಒಳಗೆ ರಾಳದಂಥ ವಸ್ತು ಗಟ್ಟಿಯಾಗಿ, ನಾರಿನ ಉದ್ದಕ್ಕೆ ಕಂದು ಬಣ್ಣದ ಕೂದಲೆಳೆಯಂಥ ಚುಕ್ಕೆಗೀಟುಗಳು. ನನಗೆ ಅವು ಇಷ್ಟ. ಆ ಮರದ ಮುಖದಲ್ಲಿ ಮಚ್ಚೆಯಂತಿರುವುದು ಅದೊಂದೇ.

ಒಣಗಿಸುವುದರಲ್ಲಿ ಹೆಚ್ಚು ರಗಳೆಯಿಲ್ಲ. ಬೇಗ ಒಣಗುತ್ತದೆ, ಬಿರುಕು ಕಡಿಮೆ, ಒಣಗಿದ ಮೇಲೆ ಹವೆ ಬದಲಾದಂತೆ ಉಬ್ಬಿ ಕುಗ್ಗುವುದೂ ಕಡಿಮೆ. ಎಚ್ಚರ ಬೇಕಾದದ್ದು ಕೊಯ್ದ ಮೊದಲ ಕೆಲವು ದಿನ. ಹಸಿ ಹಲಗೆಗಳನ್ನು ಒಂದರ ಮೇಲೊಂದು ಒತ್ತಿಟ್ಟರೆ ಒಳಗಿನ ಸಕ್ಕರೆಗೆ ಬೂಷ್ಟು ಮುತ್ತಿ, ಶಾಯಿ ಚೆಲ್ಲಿದಂತೆ ನೀಲಿ ಕಲೆ ಹರಡುತ್ತದೆ. ಬಲ ಅಷ್ಟೇನೂ ಕುಂದದಿದ್ದರೂ ಕಲೆ ಒಳಕ್ಕೆ ಇಳಿದಿರುತ್ತದೆ, ಎಷ್ಟು ಹತ್ತರಿ ಹೊಡೆದರೂ ಹೋಗದು. ಹಲಗೆಗಳ ನಡುವೆ ರೀಪು ಇಟ್ಟು ಗಾಳಿಯಾಡುವಂತೆ ಪೇರಿಸುವುದೇ ಮದ್ದು. ವಾಲಿ ಬೆಳೆದ ಕಾಂಡದಿಂದ ಬಂದ ಹಲಗೆಯ ಬಗ್ಗೆಯೂ ಹುಷಾರು. ಎಲ್ಲ ಸಾಫ್ಟ್‌ವುಡ್‌ಗಳಂತೆ ಇದೂ ವಾಲಿದ ಕಡೆ ಕೆಳಮೈಯಲ್ಲಿ ಬೇರೆ ಥರದ ಮರ ಕಟ್ಟಿಕೊಳ್ಳುತ್ತದೆ. ಸಾಧಾರಣವಾಗಿ ಮರ ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ. ಈ ಭಾಗ ಮಾತ್ರ ಉದ್ದದಲ್ಲೂ ಕುಗ್ಗಿ ಹಲಗೆಯನ್ನು ಬಿಲ್ಲಿನಂತೆ ಬಗ್ಗಿಸುತ್ತದೆ.

ಇಷ್ಟು ಸಾಧು ಮರವಾದರೂ ಇದು ಒಂದು ವಿಷಯದಲ್ಲಿ ಕಟ್ಟುನಿಟ್ಟು: ಆಯುಧ ಹರಿತವಿರಬೇಕು. ಗಟ್ಟಿ ಮರಕ್ಕೆ ಹರಿತ ಉಳಿ, ಮೆದು ಮರಕ್ಕೆ ಹೇಗಿದ್ದರೂ ನಡೆಯುತ್ತದೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ನಡೆಯುವುದು ಇದಕ್ಕೆ ತದ್ವಿರುದ್ಧ. ತೆಳು ಗೋಡೆಯ ಕೋಶಗಳು ಮೊಂಡು ಅಲಗಿನ ಮುಂದೆ ಕತ್ತರಿಸಿಕೊಳ್ಳುವ ಮೊದಲೇ ಕುಸಿದುಬಿಡುತ್ತವೆ. ಇದನ್ನು ಕಣ್ಣಾರೆ ನೋಡಬೇಕಾದರೆ ಹಲಗೆಯ ತುದಿಯನ್ನು, ಅಂದರೆ ನಾರಿಗೆ ಅಡ್ಡಲಾಗಿ, ಮಸೆಯದ ಉಳಿಯಿಂದ ಒಮ್ಮೆ ಸವರಿ. ಮೇಲ್ಮೈ ಒಡೆದ ಬಿಸ್ಕತ್ತಿನಂತೆ ಪುಡಿಪುಡಿ, ಬೂದು ಬಣ್ಣ. ಅದೇ ಉಳಿಯನ್ನು ಚೆನ್ನಾಗಿ ಮಸೆದು ತೆಳುವಾಗಿ ಸವರಿದರೆ ಅದೇ ತುದಿ ಮೇಣ ಬಳಿದಂತೆ ಹೊಳೆಯುತ್ತದೆ. ಮಸೆಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಸಿಕ್ಕಿಲ್ಲ.

ಅಂಟು ಚೆನ್ನಾಗಿ ಹಿಡಿಯುತ್ತದೆ. ಮೊಳೆ ಹೊಡೆದರೆ ಸೀಳುವುದು ಅಪರೂಪ. ರಂಧ್ರಗಳಿಲ್ಲದ ಕಾರಣ ಪಾಲಿಶ್‌ಗೆ ಮೊದಲು ಮೆತ್ತುವ ಕೆಲಸವಿಲ್ಲ. ಸ್ಕ್ರೂ ಮಾತ್ರ ನೋಡಿಕೊಂಡು ಹಾಕಬೇಕು: ಮೊದಲು ಸಣ್ಣ ತೂತು ಕೊರೆದು, ಕೊನೆಯ ಸುತ್ತು ಕೈಯಲ್ಲೇ ತಿರುಗಿಸಬೇಕು. ಪದೇ ಪದೇ ಬಿಚ್ಚಿ ಹಾಕುವ ಕಡೆ ಲೋಹದ ನಟ್ ಕೂರಿಸುವುದೇ ವಾಸಿ. ಒಮ್ಮೆ ಸಣ್ಣ ಪೆಟ್ಟಿಗೆಯ ಮುಚ್ಚಳಕ್ಕೆ ಹಿಂಜು ಕೂರಿಸುವಾಗ ಮೆಷಿನ್ನಿನಿಂದ ಬಿಗಿದು, ಸ್ಕ್ರೂ ತಿರುಗುತ್ತಲೇ ಹೋಯಿತು. ತೆಗೆದು ನೋಡಿದರೆ ಸುರುಳಿಯ ಸಂದಿನಲ್ಲೆಲ್ಲ ಹತ್ತಿಯಂತೆ ನಾರು. ತೂತಿಗೆ ಅಂಟು ಸವರಿದ ಕಡ್ಡಿ ತುರುಕಿ ಒಣಗಿಸಿ, ಮತ್ತೆ ಕೊರೆಯಬೇಕಾಯಿತು.

ಇನ್ನು ಹುಳುವಿನ ಮಾತು. ತೇಗವನ್ನು ಗೆದ್ದಲು ಮೂಸದಿರುವುದಕ್ಕೆ ಕಾರಣ ಅದರ ಕೆಚ್ಚಿನಲ್ಲಿ ತುಂಬಿರುವ ಎಣ್ಣೆ, ವಿಷಗಳು. ಅಗಾಥಿಸ್‌ನ ಕೆಚ್ಚು ಅಂಥದೇನನ್ನೂ ಕೂಡಿಡುವುದಿಲ್ಲ. ಹೊರಗಿನ ಬಿಳಿ ಮರಕ್ಕೂ ಒಳಗಿನ ಕೆಚ್ಚಿಗೂ ಬಣ್ಣದಲ್ಲಿ ಕೂಡ ಬೇಧ ಗೊತ್ತಾಗುವುದಿಲ್ಲ. ಗೆದ್ದಲಿಗೆ ಇದು ಬಡಿಸಿಟ್ಟ ಎಲೆ. ಮಣ್ಣಿಗೆ ತಾಗಿದರೆ ಕೆಲವೇ ವರ್ಷಗಳಲ್ಲಿ ಕೊಳೆತೇ ಹೋಗುತ್ತದೆ. ತಮಾಷೆಯೆಂದರೆ, ಒಂದು ಬಗೆಯ ಕುಟ್ಟೆ ಹುಳುವಿಗೆ ಮಾತ್ರ ಇದು ಸಿಗದು. ಮರವನ್ನು ಹಿಟ್ಟು ಮಾಡಿಬಿಡುವ ಲಿಕ್ಟಸ್ ದುಂಬಿ ಮೊಟ್ಟೆ ಇಡುವುದು ಹಾರ್ಡ್‌ವುಡ್‌ನ ದಪ್ಪ ಕೊಳವೆಗಳ ಒಳಗೆ. ಕೊಳವೆಯೇ ಇಲ್ಲದ ಮರದಲ್ಲಿ ಅದಕ್ಕೆ ತೊಟ್ಟಿಲು ಎಲ್ಲಿ? ಆದರೆ ಪೀಠೋಪಕರಣಕ್ಕೆ ಬೀಳುವ ಬೇರೆ ಕುಟ್ಟೆ ಹುಳುಗಳು ಇವೆ, ಅವಕ್ಕೆ ಕೊಳವೆ ಬೇಕಿಲ್ಲ. ಬೋರಾನ್ ಔಷಧ ಹೊಡೆದರೆ ಒಳಗಿನ ಬಳಕೆಗೆ ಸಾಕು. ಮಳೆಗೆ ಬಿಟ್ಟರೆ ಅದು ನೀರಲ್ಲಿ ಕರಗಿ ಹೊರಟುಹೋಗುತ್ತದೆ. ಬಾಗಿಲ ಚೌಕಟ್ಟು, ಹೊರಗಿನ ಬೆಂಚು, ಬಚ್ಚಲಿನ ಕಪಾಟು ಇವಕ್ಕೆ ಅಗಾಥಿಸ್ ಯೋಚಿಸಲೇಬೇಡಿ.

ಹಾಗಾದರೆ ಯಾವುದಕ್ಕೆ? ಮನೆಯೊಳಗೆ ಇರುವ, ತೂಕ ಹೊರದ, ಅಳತೆ ಕೆಡಬಾರದ ಕೆಲಸಕ್ಕೆ. ಡ್ರಾಯರಿನ ಪಕ್ಕೆ, ಕಪಾಟಿನ ಒಳಭಾಗ, ಪೆಟ್ಟಿಗೆ, ಚೌಕಟ್ಟು, ಅಚ್ಚು, ಆಟಿಕೆ. ಲೋಹ ಎರಕ ಹೊಯ್ಯುವವರು ಮಾಡುವ ಮರದ ಮಾದರಿಗೆ ಇದು ಹೇಳಿ ಮಾಡಿಸಿದ್ದು; ಮಾದರಿಯಲ್ಲಿ ವರ್ಷದ ಗೆರೆ ಉಬ್ಬಿದರೆ ಎರಕದ ಮೇಲೂ ಅದು ಮೂಡುತ್ತದೆ. ಜಪಾನಿನಲ್ಲಿ ಡ್ರಾಯರಿನ ಪಕ್ಕೆಗೂ ಶಾಲೆಯ ಮಕ್ಕಳ ಮರಗೆಲಸದ ಪಾಠಕ್ಕೂ ಇದು ತೀರಾ ಮಾಮೂಲಿ. ಕಪ್ಪು ಬಿಳಿ ಕಾಯಿಗಳಿಂದ ಆಡುವ ಅಲ್ಲಿನ ಗೋ ಆಟದ ಮಣೆಗೆ ಕಾಯಾ ಎಂಬ ದುಬಾರಿ ಮರ ಶ್ರೇಷ್ಠ. ಕೈಗೆಟುಕುವ ಬೆಲೆಯ ಮಣೆಗಳು ಅಗಾಥಿಸ್‌ನವು. ಡ್ರಾಯರ್ ಮಾಡುವಾಗ ಒಂದು ಮಾತು ನೆನಪಿಡಿ: ಪಕ್ಕೆಯ ಕೆಳಅಂಚು ವರ್ಷಾನುಗಟ್ಟಲೆ ಉಜ್ಜಿ ಸವೆಯುತ್ತದೆ. ಆ ಅಂಚಿಗೆ ಮಾತ್ರ ಬೆರಳಗಲದ ಗಟ್ಟಿ ಮರದ ಪಟ್ಟಿ ಅಂಟಿಸಿದರೆ ಚಿಂತೆಯಿಲ್ಲ.

ಗಿಟಾರ್ ಲೋಕದಲ್ಲಿ ಈ ಮರಕ್ಕೆ ಅಷ್ಟೊಂದು ಒಳ್ಳೆಯ ಹೆಸರಿಲ್ಲ. ಅಗ್ಗದ ಎಲೆಕ್ಟ್ರಿಕ್ ಗಿಟಾರುಗಳ ಮೈಯನ್ನು ಬಹಳ ಕಾಲ ಇದರಿಂದ ಮಾಡಿದರು, ಹಾಗಾಗಿ ಕೆಟ್ಟ ನಾದಕ್ಕೆಲ್ಲ ಅಗಾಥಿಸ್ ಕಾರಣ ಎಂಬ ಮಾತು ಬೆಳೆಯಿತು. ನನಗಿದು ಅನ್ಯಾಯ ಅನ್ನಿಸುತ್ತದೆ. ಅಗ್ಗದ ಗಿಟಾರಿಗೆ ಹಾಕಿದ, ತಂತಿಯ ಕಂಪನ ಹಿಡಿಯುವ ಪಿಕಪ್ಪೂ ಅಗ್ಗದ್ದೇ, ಕೀಲಿಗಳೂ ಅಗ್ಗದವೇ. ಮರದ ಮೇಲೆ ಹೊರಿಸಬಹುದಾದ ನ್ಯಾಯವಾದ ದೂರು ಎಂದರೆ ಬೇಗ ತಗ್ಗು ಬೀಳುತ್ತದೆ, ಹೆಗಲಿಗೆ ಹಾಕುವ ಪಟ್ಟಿಯ ಸ್ಕ್ರೂ ಸಡಿಲವಾಗುತ್ತದೆ ಎಂಬುದಷ್ಟೇ.

ಮರ ಎಲ್ಲಿಂದ ಬಂತು ಎಂದು ಕೇಳಿ ಕೊಳ್ಳಬೇಕಾದ ಕಾಲ ಇದು. ಬೋರ್ನಿಯೋದ ಜಾತಿಯೂ ಸೇರಿ ಹಲವು ಅಗಾಥಿಸ್‌ಗಳು ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಅಳಿವಿನ ಭಯ ಇರುವವುಗಳ ಸಾಲಿನಲ್ಲಿವೆ. ಕ್ವೀನ್ಸ್‌ಲ್ಯಾಂಡಿನ ಉಷ್ಣವಲಯದ ಮಳೆಕಾಡು 1988ರಲ್ಲಿ ವಿಶ್ವ ಪರಂಪರೆಯ ತಾಣವಾದ ಮೇಲೆ ಅಲ್ಲಿ ಮರ ಕಡಿಯುವುದು ನಿಂತಿತು. ಜಾವಾದಲ್ಲಿ ಮರಕ್ಕೂ ರಾಳಕ್ಕೂ ಎಂದೇ ನೆಟ್ಟು ಬೆಳೆಸಿದ ತೋಪುಗಳಿವೆ. ಎಳೆಯದರಲ್ಲೇ ಕಡಿದ ತೋಪಿನ ಮರ ಮುದಿ ಕಾಡುಮರಕ್ಕಿಂತ ಹಗುರ, ತಿರುಚಿಕೊಳ್ಳುವ ಸಾಧ್ಯತೆಯೂ ಹೆಚ್ಚು. ಅದನ್ನು ಅಗಲದ ಒಂದೇ ಹಲಗೆಯಾಗಿ ಬಳಸುವ ಬದಲು ಸೀಳಿ, ಪಟ್ಟಿಗಳನ್ನು ತಿರುವುಮುರುವಾಗಿ ಅಂಟಿಸಿಕೊಂಡರೆ ನೆಟ್ಟಗೆ ನಿಲ್ಲುತ್ತದೆ.

ಕೊಳ್ಳುವಾಗ ಬಿಲ್ಲಿನಲ್ಲಿ ಬರೆದ ಹೆಸರನ್ನು ನಂಬುವುದಕ್ಕಿಂತ ಹಲಗೆಯ ತುದಿಯನ್ನು ನಂಬಿ. ಹರಿತವಾದ ಬ್ಲೇಡಿನಿಂದ ತುದಿಯಲ್ಲಿ ಒಂದು ಚೂರು ನುಣ್ಣಗೆ ಸವರಿ, ಒದ್ದೆ ಬೆರಳು ಮುಟ್ಟಿಸಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಸೂಜಿ ಚುಚ್ಚಿದಂಥ ತೂತುಗಳು ಕಂಡರೆ ಅದು ಯಾವುದೋ ಹಾರ್ಡ್‌ವುಡ್. ಅದೇ ಬಣ್ಣದ, ಅಷ್ಟೇ ಹಗುರದ ಜೆಲುಟಾಂಗ್ ಇರಬಹುದು. ಹಲಗೆಯ ಮೇಲೆ ಅಲ್ಲಲ್ಲಿ ಮರದ ಹಾಲು ಹರಿಯುವ ನಾಳದ ಸೀಳು ಕಂಡರೆ ಆ ಊಹೆ ಗಟ್ಟಿಯಾಗುತ್ತದೆ. ತೂತಿಲ್ಲ, ಆದರೆ ಗೆರೆಗಳು ಸ್ಪಷ್ಟ, ಗೆರೆಯ ಆಸುಪಾಸಿನಲ್ಲಿ ಒಂಟೊಂಟಿ ರಾಳದ ಚುಕ್ಕೆ ಎಂದರೆ ಪೈನ್. ತೂತೂ ಇಲ್ಲ, ಗೆರೆಯೂ ಇಲ್ಲ, ರಾಳದ ಕಾಲುವೆಯೂ ಇಲ್ಲ, ಬರೀ ಜೇನುಗೂಡಿನಂಥ ಒಂದೇ ಸಮನೆಯ ನೇಯ್ಗೆ ಕಂಡಿತೋ, ನಿಮ್ಮ ಕೈಯಲ್ಲಿರುವುದು ಬಹುಮಟ್ಟಿಗೆ ಅಗಾಥಿಸ್, ಇಲ್ಲವೇ ಹೆಸರಿಗಷ್ಟೇ ಪೈನ್ ಆದ ಅದರ ಸೋದರಸಂಬಂಧಿ ಹೂಪ್ ಪೈನ್. ಇವೆರಡನ್ನು ಬೇರೆ ಮಾಡಲು ಸೂಕ್ಷ್ಮದರ್ಶಕವೇ ಬೇಕು. ಡ್ರಾಯರ್ ಮಾಡುವವನಿಗೆ ಅದರ ಅಗತ್ಯವಿಲ್ಲ, ಎರಡೂ ಒಂದೇ ಥರ ಹತ್ತರಿಗೆ ಬಗ್ಗುತ್ತವೆ.